ಶುಕ್ರವಾರದ ನೀರುಲಾರಿ

ಗುಲ್ವೆನ್ ನಮ್ಮೂರಿನ ಸಮುದ್ರವನ್ನು ನೆಕ್ಕಿ ನೋಡಿದ ದಿನವೇ ಅವನು ಹುಚ್ಚನೆಂದು ನಾನು ತೀರ್ಮಾನಿಸಿಬಿಟ್ಟೆ.

ನನ್ನ ತೀರ್ಮಾನಗಳು ತಪ್ಪುವುದಿಲ್ಲ. ಲಾಬ್‌ಸ್ಟರಿನ ಇಕ್ಕಳದಂಥ ಕೊಂಡಿಗೆ, ಅದು ಕಚ್ಚದಂತೆ, ನನ್ನಷ್ಟು ಬೇಗ ರಬ್ಬರ್ ಬ್ಯಾಂಡ್ ತೊಡಿಸುವವರು ಇಂಗ್ಲೆಂಡಿನ ಇಡೀ ಕಾರ್ನ್‌ವಾಲ್ ಕರಾವಳಿಯಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನೆದುರು ಬರುವ ಧೈರ್ಯ ಮಾಡಿಲ್ಲ. ನಾನು ಗಂಟಲೆತ್ತಿದರೆ ಕಡಲಹಕ್ಕಿಗಳು ಮೂರು ಊರು ದಾಟಿ ಹೋಗಿ ಕೂರುತ್ತವೆ. ಅಂಥ ಗಂಟಲಿನಲ್ಲಿ ಅವತ್ತು ಬಂದರಿನ ಕಟ್ಟೆಯ ಮೇಲಿಂದ ಕೂಗಿ ಕೇಳಿದೆ, ಇದೇನು ಬಂದರೋ ನಿಮ್ಮಮ್ಮ ಮಾಡಿದ ಸೂಪೋ ಎಂದು.

ಅವನು ತಿರುಗಿದ. ಬೆರಳು ಇನ್ನೂ ಬಾಯಲ್ಲೇ ಇತ್ತು. ನಗಬೇಕೋ ಬೇಡವೋ ಎಂದು ಕಣ್ಣು ಒಂದು ಕ್ಷಣ ಯೋಚಿಸಿ, ಬೇಡವೆಂದು ನಿರ್ಧರಿಸಿ, ಆಮೇಲೆ ಮೂಲೆಯಲ್ಲಿ ಸ್ವಲ್ಪ ನಕ್ಕಿತು. "ರಾತ್ರಿ ಮಳೆ ಬಂದಿದೆ. ಹೊಳೆ ನೀರು ಸೇರಿದ್ರೆ ಉಪ್ಪು ಕಮ್ಮಿ ಆಗುತ್ತೆ. ಆ ನೀರು ತೊಟ್ಟಿಗೆ ತುಂಬಿದ್ರೆ ನಿನ್ನ ಲಾಬ್‌ಸ್ಟರ್ ಜೀವಂತ ನಮ್ಮೂರು ಮುಟ್ಟಲ್ಲ" ಅಂದ.

ಅವನ ಊರು ಆಚೆ ದಡದಲ್ಲಿ, ಫ್ರಾನ್ಸಿನ ಬ್ರಿಟನಿ. ಲಾರಿಯ ಹೊಟ್ಟೆಯ ತುಂಬ ಸಮುದ್ರದ ನೀರಿನ ತೊಟ್ಟಿಗಳು. ಅದಕ್ಕೇ ನಾವು ಅದನ್ನು ನೀರುಲಾರಿ ಎನ್ನುತ್ತಿದ್ದೆವು. ಪ್ರತಿ ಶುಕ್ರವಾರ ಅವನು ಪ್ಲಿಮತ್‌ಗೆ ಹಡಗಿನಲ್ಲಿ ಬಂದು, ಅಲ್ಲಿಂದ ನಮ್ಮ ಪೋರ್ತ್‌ವೀನ್ ಕಟ್ಟೆಗೆ ಲಾರಿ ಓಡಿಸಿಕೊಂಡು ಬಂದು, ನಮ್ಮ ಲಾಬ್‌ಸ್ಟರ್‌ಗಳನ್ನು ಜೀವಂತವಾಗಿ ಒಯ್ಯುತ್ತಿದ್ದ.

ಆ ಮೊದಲ ದಿನವೇ ನಾನು ಅವನಿಗೊಂದು ನೀಲಿ ಲಾಬ್‌ಸ್ಟರ್ ಎತ್ತಿ ತೋರಿಸಿ, ಇದು ನನ್ನ ದೋಣಿಯನ್ನು ಅರ್ಧ ಫ್ರಾನ್ಸಿನ ತನಕ ಎಳೆದುಕೊಂಡು ಹೋಗಿತ್ತು, ನಾನೇ ಬುದ್ಧಿ ಹೇಳಿ ವಾಪಸ್ ಕರೆತಂದೆ ಎಂದೆ. ಅವನು ಅದನ್ನು ಗಂಭೀರವಾಗಿ ತೂಗಿ ನೋಡಿದ.

"ಟ್ಯಾಮ್ಸಿನ್ ಅಲ್ವಾ ನಿನ್ನ ಹೆಸರು? ನಿನ್ನ ಮಾತನ್ನ ಹತ್ತರಿಂದ ಭಾಗಿಸ್ಬೇಕು ಅಂತ ಕಟ್ಟೆ ಮೇಲೆ ಎಲ್ರೂ ಹೇಳಿದ್ರು."

"ಹೇಳಿದವರನ್ನೂ ಹತ್ತರಿಂದ ಭಾಗಿಸು" ಅಂದೆ.

ಅಲ್ಲಿಂದ ಶುಕ್ರವಾರಗಳು ಶುರುವಾದವು. ಅವನು ಬೆಣ್ಣೆಯಲ್ಲಿ ಮುಳುಗೆದ್ದ ಅವರೂರಿನ ಕೇಕ್ ತರುತ್ತಿದ್ದ, ನಾನು ಮಾಂಸ ತುಂಬಿದ ನಮ್ಮೂರಿನ ಬಿಸಿ ಪೇಸ್ಟಿ ಕೊಡುತ್ತಿದ್ದೆ. ತೊಟ್ಟಿಗೆ ಬುಟ್ಟಿ ಇಳಿಸುವಾಗ ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಇಬ್ಬರೂ ತಾಗಲಿಲ್ಲವೆಂಬಂತೆ ಲಾಬ್‌ಸ್ಟರ್‌ಗಳನ್ನು ಬೈಯುತ್ತಿದ್ದೆವು. ಈ ಚಳಿಗಾಲ ನನ್ನನ್ನು ಮದುವೆಯಾಗಲು ಸ್ಕಾಟ್ಲೆಂಡಿನಿಂದ ಏಳು ಜನ ಬಂದು ಹೋದರು ಎಂದು ನಾನು ಹೇಳಿದರೆ, ಅವನು ಬೆರಳಲ್ಲಿ ಲೆಕ್ಕ ಹಾಕಿ, "ಅಂದ್ರೆ ಒಬ್ಬ. ಅವನೂ ಪೂರ್ತಿ ಬಂದಿಲ್ಲ" ಅನ್ನುತ್ತಿದ್ದ.

ಆಮೇಲೆ ನಮ್ಮ ದೇಶ ಯೂರೋಪಿನ ಒಕ್ಕೂಟವನ್ನು ಬಿಟ್ಟಿತು.

ಬಿಟ್ಟ ಮೇಲೆ ಟೀವಿಯವರು ನಮ್ಮ ಕಟ್ಟೆಯನ್ನು ಬಿಡಲಿಲ್ಲ. ಯಾವ ಸುದ್ದಿ ಬಂದರೂ ಜನರ ಅಭಿಪ್ರಾಯ ಕೇಳಲು ಇಲ್ಲಿಗೇ ಓಡಿಬರುತ್ತಿದ್ದರು, ಇಡೀ ದೇಶದಲ್ಲಿ ಬಾಯಿರುವವರು ನಾವು ಮಾತ್ರ ಎಂಬಂತೆ. ಮೊದಮೊದಲು ಊರಿಗೆ ಊರೇ ಮಾತಾಡಿತು. ಕೆಲವರು ಅವತ್ತೇ ಹೇಳಿದ್ದೆವು ಎಂದರು. ಕೆಲವರು ಇನ್ನೂ ಸ್ವಲ್ಪ ಕಾಲ ಕೊಡಿ ಎಂದರು. ಕಸಾಯಿ ಅಂಗಡಿಯವನು ಎಲ್ಲದಕ್ಕೂ ಹವಾಮಾನವೇ ಕಾರಣ ಎಂದ. ಆದರೆ ತಾರೆ ನಾನೇ. ನನ್ನ ಲಾಬ್‌ಸ್ಟರ್‌ಗಳು ಪಾಸ್‌ಪೋರ್ಟ್ ಫೋಟೊಗೆ ನಗಲು ಒಪ್ಪುತ್ತಿಲ್ಲ ಎಂದು ನಾನು ಹೇಳಿದ್ದನ್ನು ಆಸ್ಟ್ರೇಲಿಯಾದಲ್ಲೂ ತೋರಿಸಿದರಂತೆ. ಅಲ್ಲಿನ ಪ್ರಧಾನಿ ನಗುತ್ತಾ ಕುರ್ಚಿಯಿಂದ ಬಿದ್ದರು ಎಂದು ನಾನೇ ಸೇರಿಸಿಕೊಂಡಿದ್ದೇನೆ.

ನಮ್ಮಪ್ಪನ ಗೆಳೆಯ ಡೆನ್ಜಿಲ್ ಮಾಮ ಬಿಡಬೇಕೆಂದು ಮತ ಹಾಕಿದವರು. ದೋಣಿಗೆ ನಮ್ಮ ದೇಶದ ದೊಡ್ಡ ಬಾವುಟ ಕಟ್ಟಿದ್ದರು. ಒಂದು ದಿನ ಬಾವುಟ ಕಾಣಲಿಲ್ಲ. ಎಲ್ಲಿ ಮಾಮ ಎಂದು ಕೇಳಿದರೆ, "ತೊಳೆಯೋಕೆ ಹಾಕಿದೀನಿ ಕಣಮ್ಮ" ಎಂದರು. ಆ ಬಾವುಟ ಇವತ್ತಿಗೂ ಒಣಗಿಲ್ಲ.

ಎರಡನೇ ಚಳಿಗಾಲದ ಹೊತ್ತಿಗೆ ಯಾರಲ್ಲೂ ಕೋಪ ಉಳಿದಿರಲಿಲ್ಲ, ಖುಷಿಯೂ ಉಳಿದಿರಲಿಲ್ಲ. ಮೈಕು ಮುಂದೆ ಹಿಡಿದರೆ ಜನ ಭುಜ ಕುಣಿಸಿ, ನಡೀತಿದೆ ಎಂದು ಹೇಳಿ ನಾಯಿಯನ್ನು ಎಳೆದುಕೊಂಡು ಮುಂದೆ ಹೋಗುತ್ತಿದ್ದರು. ಈಗ ಲಾಬ್‌ಸ್ಟರ್ ಆಚೆ ದಡಕ್ಕೆ ಹೋಗಬೇಕಾದರೆ ಅದರ ಆರೋಗ್ಯ ಚೆನ್ನಾಗಿದೆಯೆಂದು ಪಶುವೈದ್ಯರು ಸಹಿ ಹಾಕಬೇಕು. ನಮ್ಮಲ್ಲಿ ಮನುಷ್ಯರಿಗೇ ವೈದ್ಯರು ಸಿಗುವುದಿಲ್ಲ. ನೀರುಲಾರಿ ವಾರ ಬಿಟ್ಟು ವಾರ ಬರತೊಡಗಿತು, ಆಮೇಲೆ ತಿಂಗಳಿಗೊಮ್ಮೆ.

ಒಂದು ಶುಕ್ರವಾರ ಗುಲ್ವೆನ್ ಕೇಕ್ ಕೊಟ್ಟು, ಮುಂದಿನ ಸಲವೇ ಕೊನೆ, ಕಂಪನಿ ಈ ದಾರಿಯನ್ನೇ ನಿಲ್ಲಿಸುತ್ತಿದೆ ಎಂದ.

ನನ್ನೆದೆಗೆ ಸಾವಿರ ಸಿಡಿಲು ಬಡಿಯಿತು ಎಂದು ಇಲ್ಲಿ ಬರೆಯಬೇಕು. ಯಾವ ಸಿಡಿಲೂ ಬಡಿಯಲಿಲ್ಲ. ಕಟ್ಟೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ನಾನು ಕೇಕಿನ ಕಾಗದವನ್ನು ಸಣ್ಣಗೆ ಮಡಚಿ ಜೇಬಿಗೆ ಹಾಕಿಕೊಂಡೆ.

"ಲಾರಿ ಇಲ್ದೆ ಬರ್ಬೇಕಾದ್ರೆ ನನಗೊಂದು ಕಾರಣ ಬೇಕು" ಅಂದ ಅವನು. ನನ್ನನ್ನು ನೋಡುತ್ತಿರಲಿಲ್ಲ, ತೊಟ್ಟಿಯ ಮುಚ್ಚಳದ ತಿರುಪು ಬಿಗಿ ಮಾಡುತ್ತಿದ್ದ. "ಒಂದು ಮಾತು ಸಾಕು. ಆದ್ರೆ ಭಾಗಿಸೋ ಅಂಥದ್ದು ಬೇಡ."

ಇಡೀ ತಿಂಗಳು ಆ ಮಾತಿಗಾಗಿ ಹುಡುಕಿದೆ. ನನ್ನ ಬಾಯಲ್ಲಿ ಆನೆ, ತಿಮಿಂಗಿಲ, ಭೂಕಂಪಗಳೆಲ್ಲ ಇದ್ದವು. ಸಣ್ಣದೊಂದು ಸಿಗಲಿಲ್ಲ.

ಕೊನೆಯ ಶುಕ್ರವಾರ ಟೀವಿಯ ಹುಡುಗಿ ಇಮೊಜೆನ್ ನಮಗಿಂತ ಮೊದಲೇ ಕಟ್ಟೆಯ ಮೇಲಿದ್ದಳು. ಲಾರಿ ಬಂತು. ಬಂದರಿನಲ್ಲಿ ತೇಲಿಬಿಟ್ಟಿದ್ದ ಪೆಟ್ಟಿಗೆಗಳ ತುಂಬ ಲಾಬ್‌ಸ್ಟರ್‌ಗಳು ಕಾಯುತ್ತಿದ್ದವು. ಪಶುವೈದ್ಯರು ಮಾತ್ರ ಬರಲಿಲ್ಲ. ಬೇರೊಂದು ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಇವತ್ತಿಗೆ ಆಗುವುದಿಲ್ಲ ಎಂದು ಮಧ್ಯಾಹ್ನ ಫೋನು ಬಂತು. ಸಂಜೆ ಅವನ ಹಡಗು ಹೊರಡುತ್ತದೆ. ಚಳಿಗಾಲದಲ್ಲಿ ನಮ್ಮೂರಲ್ಲಿ ಅಷ್ಟು ಲಾಬ್‌ಸ್ಟರ್ ತಿನ್ನುವವರಿಲ್ಲ.

"ಸಮುದ್ರಕ್ಕೇ ಬಿಟ್ಬಿಡು ಹುಡುಗಿ, ಬೇಸಿಗೇಲಿ ಮತ್ತೆ ಹಿಡಿದ್ರಾಯ್ತು" ಎಂದರು ಡೆನ್ಜಿಲ್ ಮಾಮ.

ಗುಲ್ವೆನ್ ನನ್ನ ದೋಣಿಗೆ ಇಳಿದ.

ಪೆಟ್ಟಿಗೆಗಳನ್ನು ಎಳೆದುಕೊಂಡು ಬಂದರಿನ ಬಾಯಿ ದಾಟಿ ಬಂಡೆಗಳ ಹತ್ತಿರ ದೋಣಿ ನಿಲ್ಲಿಸಿದೆವು. ಬ್ಯಾಂಡ್ ಬಿಗಿದ ಕೊಂಡಿಯೊಂದಿಗೆ ಬಿಟ್ಟರೆ ಅವು ತಿನ್ನಲಾರವು, ಜಗಳವಾಡಲಾರವು, ಸಾಯುತ್ತವೆ. ಒಂದೊಂದನ್ನೇ ಬಿಚ್ಚಬೇಕು. ಗ್ಲವ್ಸ್ ಹಾಕಿದರೆ ರಬ್ಬರ್ ಹಿಡಿತಕ್ಕೆ ಸಿಗುವುದಿಲ್ಲ. ಅವನು ಬೆನ್ನು ಹಿಡಿದುಕೊಟ್ಟ, ನಾನು ಬ್ಯಾಂಡ್ ಕತ್ತರಿಸಿದೆ, ಅವನು ನೀರಿಗೆ ಬಿಟ್ಟ. ಲಾಬ್‌ಸ್ಟರ್ ಹೋಗುವಾಗ ಬಾಲ ಬಡಿದು ಹಿಂದಕ್ಕೆ ಹೋಗುತ್ತದೆ, ಮುಖ ನಮ್ಮ ಕಡೆಗೇ ಇರುತ್ತದೆ.

ಅವನ ರೆಪ್ಪೆಯ ಮೇಲೆ ಉಪ್ಪು ಕೂತಿತ್ತು. ಒಮ್ಮೆ ತಲೆಯೆತ್ತಿ ನನ್ನನ್ನೇ ನೋಡಿದ. ಕೇಳಿದ್ದನ್ನು ಇನ್ನೂ ಕೇಳುತ್ತಿದ್ದೇನೆ ಎನ್ನುವ ನೋಟ. ನಾನು ಬ್ಯಾಂಡುಗಳನ್ನು ಡಬ್ಬಿಗೆ ಹಾಕುತ್ತಾ ಹೋದೆ.

"ಕೈ ಹೇಗಿದೆ?" ಎಂದ.

"ಇದೆ ಅನ್ಸುತ್ತೆ" ಎಂದೆ. ಚಳಿಗೆ ಮರಗಟ್ಟಿದ ಬೆರಳುಗಳು ನೋಡಿದರೆ ಕಾಣುತ್ತಿದ್ದವು, ನನ್ನವು ಅನ್ನಿಸುತ್ತಿರಲಿಲ್ಲ.

ಕೊನೆಯದೂ ಹೋಯಿತು. ದೋಣಿ ತಿರುಗಿಸಿದೆ.

ಕಟ್ಟೆ ಹತ್ತಿದ ಕೂಡಲೇ ಇಮೊಜೆನ್ ಮೈಕು ಹಿಡಿದಳು. ಗುಲ್ವೆನ್ ಲಾರಿಯ ಕಡೆ ನಡೆದ. ಟ್ಯಾಮ್ಸಿನ್ ಇವತ್ತು ಏನು ಸಿಡಿಸುತ್ತಾಳೋ ಎಂದು ಕಟ್ಟೆಯ ಜನರೆಲ್ಲ ಹತ್ತಿರ ಬಂದರು. ಒಬ್ಬನಂತೂ ನಗಲು ತಯಾರಾಗಿ ಪೇಸ್ಟಿಯನ್ನು ನುಂಗಿಕೊಂಡ.

"ಇದು ಕೊನೇ ಲಾರಿ. ಅದೂ ಖಾಲಿ ಹೋಗ್ತಿದೆ. ನಿಮಗೆ ಹೇಗನ್ನಿಸ್ತಿದೆ?"

ಬಾಯಿ ತೆರೆದೆ. ಸಮುದ್ರ ಒಣಗಿತು, ಆಕಾಶ ಬಿತ್ತು, ಎಲ್ಲವೂ ಸಾಲಾಗಿ ಬಂದು ನಿಂತವು. ಒಂದೂ ಹೊರಗೆ ಬರಲಿಲ್ಲ.

"ಏನೂ ಅನ್ನಿಸ್ತಿಲ್ಲ" ಎಂದೆ.

ಅವಳು ಕಾದಳು. ಇನ್ನೂ ಸ್ವಲ್ಪ ಹೇಳಿ ಎಂಬಂತೆ ತಲೆಯಾಡಿಸಿದಳು.

"ಶುಕ್ರವಾರ ಅವನು ಬರ್ತಿದ್ದ. ಬೆಳಿಗ್ಗೆ ಎದ್ದು ತಲೆ ಬಾಚ್ಕೊಳ್ತಿದ್ದೆ. ಬೇರೆ ದಿನ ಬಾಚ್ಕೊಳಲ್ಲ." ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಮೈಕನ್ನು ಹತ್ತಿರ ತಂದಳು. "ಅವನು ಬರ್ಬೇಕು. ಅಷ್ಟೇ."

ಯಾರೂ ನಗಲಿಲ್ಲ. ಇಷ್ಟು ಸಣ್ಣದನ್ನು ಸುದ್ದಿಯಲ್ಲಿ ಹಾಕಲು ಬರುವುದಿಲ್ಲವಲ್ಲ ಎಂದು ಇಮೊಜೆನ್ ಕ್ಯಾಮೆರಾದವನ ಮುಖ ನೋಡಿದಳು. ಡೆನ್ಜಿಲ್ ಮಾಮ ಟೋಪಿ ತೆಗೆದು, ಒಳಗೇನೋ ಹುಡುಕಿದಂತೆ ಮಾಡಿ, ಮತ್ತೆ ಹಾಕಿಕೊಂಡರು.

ನಾಲ್ಕು ಹೆಜ್ಜೆ ಆಚೆ ಲಾರಿಯ ಬಾಗಿಲು ತೆರೆದು ಒಂದು ಕಾಲು ಮೇಲಿಟ್ಟಿದ್ದ ಗುಲ್ವೆನ್ ಅದನ್ನು ಕೇಳಿಸಿಕೊಂಡು ಹಾಗೇ ನಿಂತಿದ್ದ. ಇಳಿದು ಬಂದ. ನನ್ನೆರಡು ಕೈಗಳನ್ನೂ ತೆಗೆದುಕೊಂಡು ತನ್ನ ಸ್ವೆಟರಿನೊಳಗೆ, ಹೊಟ್ಟೆಯ ಬಿಸಿಗೆ ಇಟ್ಟುಕೊಂಡ. ಚಳಿಗೆ ಅವನ ಉಸಿರು ಒಮ್ಮೆ ಸಿಕ್ಕಿಕೊಂಡಿತು.

"ಇದನ್ನ ಭಾಗಿಸಿ ನೋಡ್ದೆ" ಎಂದ ನಿಧಾನವಾಗಿ. "ಆಗ್ಲಿಲ್ಲ."

ಆಮೇಲೆ ಅವನು ಮಾಡಿದ್ದನ್ನು ನೀವು ನಂಬಬೇಕಿಲ್ಲ, ಆದರೆ ಸಾಕ್ಷಿಗೆ ಇಡೀ ಕಟ್ಟೆಯಿದೆ. ತುಂಬಿಸಲು ಏನೂ ಇಲ್ಲದಿದ್ದರೂ ಮೆಟ್ಟಿಲಿಳಿದು ಹೋಗಿ, ನೀರಿಗೆ ಬೆರಳದ್ದಿ ನೆಕ್ಕಿ ನೋಡಿದ. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಚೆಲ್ಲಿ ನಮ್ಮ ಬಂದರಿನ ನೀರು ತುಂಬಿಕೊಂಡ.

"ಉಪ್ಪು ಸರಿ ಇದೆ. ಈ ನೀರನ್ನ ವಾಪಸ್ ತಂದು ಬಿಡ್ತೀನಿ. ಮುಂದಿನ ಶುಕ್ರವಾರ, ನಡ್ಕೊಂಡು."

"ಹಡಗಿನಿಂದ ಇಲ್ಲಿ ತನಕ ನಡ್ಕೊಂಡಾ?"

"ಬಸ್ಸಿದೆ ಅಂತ ಕೇಳಿದೀನಿ."

ನಮ್ಮ ಕಟ್ಟೆಯಲ್ಲಿ ಲಾರಿ ತಿರುಗಿಸಲು ಜಾಗವಿಲ್ಲ. ರಸ್ತೆಯವರೆಗೂ ರಿವರ್ಸ್‌ನಲ್ಲೇ ಹೋಗಬೇಕು. ಡೆನ್ಜಿಲ್ ಮಾಮ ಹಿಂದೆ ನಿಂತು, ಬರ್ಲಿ ಚೆಲುವಾ, ಬರ್ಲಿ ಬರ್ಲಿ, ಎಂದು ಕೈ ಬೀಸುತ್ತಾ ನಡೆದರು. ಸಮುದ್ರ ದಾಟೋಕೆ ಸಮುದ್ರದ ನೀರನ್ನೇ ಒಯ್ತಾನಲ್ಲ, ಇವನಿಗೆ ಯಾರು ಸಹಿ ಹಾಕ್ತಾರೋ ಎಂದು ನಡುನಡುವೆ ಗೊಣಗಿದರು. ಲಾರಿ ಹಿಂದೆ ಹಿಂದೆ ಹೋಯಿತು. ಗಾಜಿನೊಳಗೆ ಅವನ ಮುಖ ನನ್ನ ಕಡೆಗೇ ಇತ್ತು, ತಿರುವಿನ ತನಕ.

ಇಮೊಜೆನ್ ವೈರು ಸುತ್ತಿಕೊಂಡಳು. ಜನ ಚದುರಿದರು. ನಾನು ಕಟ್ಟೆಯ ಅಂಚಿನಲ್ಲಿ ಕೂತೆ.

ಆಗ ಬೆರಳುಗಳಿಗೆ ಜೀವ ಬರತೊಡಗಿತು. ಆ ನೋವು ಎಷ್ಟೆಂದರೆ, ಹೇಳಿದರೆ ನೀವು... ಬೇಡ.

ನೋಯಿತು.