ಬೆಕ್ಕು ಮಲಗಿದ ಗೋಣಿ

ನೂರು ಕಿಲೋಮೀಟರ್ ಓಡಬೇಕಾಗಿದ್ದ ಆಟೋ ಮೂವತ್ತಕ್ಕೇ ಹಲಸೂರು ಕೆರೆಯ ಪಕ್ಕ ನಿಂತುಬಿಟ್ಟಿತು. ಸಿಲಿಂಡರ್ ಖಾಲಿ. ಉಳಿದ ಗ್ಯಾಸ್ ಎಲ್ಲಿ ಹೋಯಿತು?

ಯಜ್ಞನಾರಾಯಣರಿಗೆ ಅನುಮಾನವೇ ಇರಲಿಲ್ಲ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಕಟ್ಟಿದ ಗಾಡಿ ಅದು. ಬೆಳಿಗ್ಗೆ ಹೊರಡುವಾಗ ಒತ್ತಡದ ಮುಳ್ಳು ಮೂವತ್ತೈದರಲ್ಲಿತ್ತು, ಅಂದರೆ ಪೂರ್ತಿ ತುಂಬಿತ್ತು— ಕಣ್ಣಾರೆ ನೋಡಿದ್ದರು. ಆಮೇಲೆ ಗಾಡಿ ಇದ್ದದ್ದು ಚಾಲಕ ಈರೇಶನ ಕೈಯಲ್ಲಿ. ದಾರಿಯಲ್ಲಿ ಮಾರಿಕೊಂಡಿದ್ದಾನೆ. ಸಂಜೆಯೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸ್ ದೂರು ಎಂದರು.

ದೂರು ದಾಖಲಾದರೆ ಆಟೋ ಓಡಿಸುವ ಬ್ಯಾಡ್ಜ್ ಹೋಗುತ್ತದೆ. ಲಿಂಗಸುಗೂರಿನಿಂದ ಬಂದು ರಾಮಮೂರ್ತಿನಗರದ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದ ಈರೇಶನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಗಾಡಿಯ ಶೆಡ್ ಇದ್ದದ್ದು ಕೆ.ಆರ್. ಪುರದಲ್ಲಿ, ದೊಡ್ಡಮುನಿಯಮ್ಮನ ಎಮ್ಮೆ ಕೊಟ್ಟಿಗೆಯ ಹಿಂದೆ. ಅವಳ ಎಮ್ಮೆಗಳ ಸಗಣಿಯ ಗ್ಯಾಸನ್ನೇ ಶುದ್ಧಮಾಡಿ ಆಟೋಗೆ ತುಂಬುತ್ತಿದ್ದರು. ಹಾಲಿಗೆ ನೀರು ಬೆರೆಸಿದವರನ್ನು ನಲವತ್ತು ವರ್ಷ ಹಿಡಿದವಳು ಅವಳು. ಗಲಾಟೆ ಕೇಳಿ ಶೆಡ್ಡಿಗೆ ಬಂದು ಸ್ಟೂಲು ಎಳೆದು ಕೂತಳು.

"ಸಿಲಿಂಡರ್ ತುಂಬಾ ಇದ್ದಿಲು ಯಾಕೆ ಸ್ವಾಮಿ? ಗ್ಯಾಸಿಗೆ ಜಾಗ ಕಮ್ಮಿಯಾಗಲ್ವಾ?"

"ಇಲ್ಲಮ್ಮ, ಜಾಸ್ತಿ ಆಗುತ್ತೆ. ತೆಂಗಿನ ಚಿಪ್ಪಿನ ಇದ್ದಿಲು, ಎರಡು ವರ್ಷ ಹದ ಮಾಡಿದ್ದೀನಿ. ಅದರೊಳಗೆ ತೂತುಗಳಿವೆ. ಒಂದು ಕೂದಲಿನ ದಪ್ಪಕ್ಕೆ ಐವತ್ತು ಸಾವಿರ ತೂತು ಸಾಲಾಗಿ ಹಿಡಿಯುತ್ತೆ, ಅಷ್ಟು ಸಣ್ಣವು. ಆ ಇಕ್ಕಟ್ಟಿನಲ್ಲಿ ಗ್ಯಾಸ್ ಗೋಡೆಗೆ ಅಂಟಿಕೊಂಡು, ಹೆಚ್ಚುಕಮ್ಮಿ ನೀರಿನ ಹಾಗೆ ಒತ್ತಾಗಿ ಕೂರುತ್ತೆ. ಒತ್ತಡ ಅಷ್ಟೇ, ಗ್ಯಾಸ್ ಮಾತ್ರ ಮೂರು ಪಟ್ಟು."

ಹಾಗೆ ಅಂಟಿಕೊಳ್ಳುವಾಗ ಸಿಲಿಂಡರ್ ಬಿಸಿಯಾಗುತ್ತದೆ. ಅದಕ್ಕೇ ತುಂಬುವಾಗ ದಿನವೂ ಒದ್ದೆ ಗೋಣಿ ಹೊದಿಸಿ ತಂಪು ಮಾಡುತ್ತಾರೆ ಎಂದೂ ಹೇಳಿದರು.

ದೊಡ್ಡಮುನಿಯಮ್ಮ ಈರೇಶನ ಕಡೆ ತಿರುಗಿದಳು. ಬೆಳಿಗ್ಗೆ ಏನೇನು ಕಂಡೆ?

"ಏಳಕ್ಕ ಬಂದೆರಿ ಯವ್ವಾ. ಗ್ಯಾಸ್ ತುಂಬಿ ಆಗಲೇ ಮುಗಿಸಿದ್ರು. ಸಿಲಿಂಡರಿನ ಗೋಣಿ ಮ್ಯಾಲೆ ನಿಮ್ಮ ಬೆಕ್ಕು ಮಲಗಿತ್ತು. ಎಬ್ಬಿಸಿ ಹೊಂಟೆ. ಎಲ್ಲೂ ನಿಂದರಲಿಲ್ರಿ."

"ಒಳ್ಳೇ ಸಾಕ್ಷಿ ಸಿಕ್ತು ಗುರು," ಎಂದು ಕಶ್ಯಪ್ ನಕ್ಕ. ಗ್ಯಾಸ್ ತುಂಬುವ ಎಂಜಿನಿಯರ್ ಅವನು.

"ನೀನು ಹೆಂಗೆ ತುಂಬಿದೆಯಪ್ಪ?"

"ದಿನದ ಥರಾನೇ. ಆರೂವರೆಗೆ ಗೋಣಿ ನೆನೆಸಿ ಹೊದಿಸ್ದೆ. ಮುಳ್ಳು ಮೂವತ್ತೈದಕ್ಕೆ ಬಂತು, ನಿಲ್ಲಿಸ್ದೆ."

"ನೆನೆಸಿದ್ಯಾ?"

"ನೆನೆಸ್ದೆ."

ಅವಳು ಸ್ಟೂಲನ್ನು ಅವನ ಹತ್ತಿರ ಎಳೆದುಕೊಂಡಳು.

"ಒದ್ದೆ ಗೋಣಿ ಮೇಲೆ ಬೆಕ್ಕು ಮಲಗುತ್ತೇನಪ್ಪ? ಅದೂ ಡಿಸೆಂಬರ್ ಚಳೀಲಿ?"

ಕಶ್ಯಪನ ನಗು ನಿಂತಿತು.

"ಅರ್ಧ ಗಂಟೇಲಿ ಗೋಣಿ ಒಣಗಲ್ಲ," ಎಂದು ಅವಳು ಯಜ್ಞನಾರಾಯಣರಿಗೆ ಹೇಳಿದಳು. "ಇವನು ನೆನೆಸೇ ಇಲ್ಲ. ಸಿಲಿಂಡರ್ ಬಿಸಿ ಆಗಲ್ಲ ಅಂತ ಮೊದಲೇ ಗೊತ್ತಿತ್ತು. ಯಾಕೆ ಆಗಲ್ಲ? ಒಳಗಿರೋದು ನಿಮ್ಮ ಇದ್ದಿಲಲ್ಲ. ಹಾಲು ಪರೀಕ್ಷೆ ಮಾಡೋ ಲ್ಯಾಕ್ಟೋಮೀಟರಿಗೂ ಮೋಸ ಮಾಡೋರನ್ನ ನೋಡಿದೀನಿ ಸ್ವಾಮಿ. ನಿಮ್ಮ ಮುಳ್ಳು ಒತ್ತಡ ಹೇಳುತ್ತೆ, ಗ್ಯಾಸ್ ಎಷ್ಟಿದೆ ಅಂತ ಹೇಳಲ್ಲ. ಸಿಲಿಂಡರ್ ಮುಚ್ಚಳದ ಬೀಗದ ಕೈ ಯಾರ ಹತ್ರ ಇದೆ?"

ಇದ್ದದ್ದು ಅವರ ಮತ್ತು ಕಶ್ಯಪನ ಹತ್ತಿರ ಮಾತ್ರ. ತನ್ನ ವಸ್ತುವನ್ನು ತಾನೇ ಕದಿಯುವವರು ಯಜ್ಞನಾರಾಯಣರಲ್ಲ.

ಮುಚ್ಚಳ ತೆಗೆದರು. ಒಳಗೆ ಇಸ್ತ್ರಿ ಪೆಟ್ಟಿಗೆಗೆ ಹಾಕುವ ಮಾಮೂಲಿ ಇದ್ದಿಲು.

ಕಶ್ಯಪ್ ತಲೆ ತಗ್ಗಿಸಿ ಒಪ್ಪಿಕೊಂಡ. ಇಂದಿರಾನಗರದ ಒಂದು ಕಂಪನಿ ಆ ಇದ್ದಿಲು ತಂದುಕೊಟ್ಟರೆ ದೊಡ್ಡ ಹುದ್ದೆ ಕೊಡುವುದಾಗಿ ಹೇಳಿತ್ತು. ಹಿಂದಿನ ರಾತ್ರಿ ಬದಲಾಯಿಸಿದ್ದ ಮಾಲು ಇನ್ನೂ ಅವನ ಕೋಣೆಯ ಡ್ರಮ್ಮಿನಲ್ಲೇ ಇತ್ತು.

ಯಜ್ಞನಾರಾಯಣರಿಗೆ ಈರೇಶನ ಮುಖ ನೋಡಲು ಹೊತ್ತು ಹಿಡಿಯಿತು. "ಮುಳ್ಳನ್ನ ನಂಬಿದೆ ಕಣಯ್ಯ, ನಿನ್ನನ್ನ ನಂಬಲಿಲ್ಲ. ತಪ್ಪಾಯ್ತು."

ಈರೇಶ ಕಣ್ಣೊರೆಸಿಕೊಂಡ.

"ನಾಳೆಯಿಂದ ಗೋಣಿ ಈರೇಶನೇ ನೆನೆಸ್ಲಿ," ಎಂದು ದೊಡ್ಡಮುನಿಯಮ್ಮ ಎದ್ದಳು. ಹಾಲು ಕರೆಯುವ ಹೊತ್ತಾಗಿತ್ತು.

ಮರುದಿನ ಡ್ರಮ್ಮಿನ ಇದ್ದಿಲು ಸಿಲಿಂಡರಿಗೆ ಮರಳಿತು. ಗ್ಯಾಸ್ ತುಂಬುತ್ತಿದ್ದಂತೆ ಈರೇಶ ಗೋಣಿಯಡಿ ಅಂಗೈ ಇಟ್ಟು ನೋಡಿದ. ಬಿಸಿ. ಬೆಕ್ಕು ಬಂದು ಗೋಣಿಯ ಮೇಲೆ ಒಂದು ಕಾಲಿಟ್ಟಿತು, ಕಾಲು ಒದರಿಕೊಂಡು ಕೊಟ್ಟಿಗೆಯ ಕಡೆ ಹೊರಟುಹೋಯಿತು.