ತಲಾಸೊ ಕೇಳಬಯಸಿದ ಸದ್ದು

"ಜೀಪನ್ನ ಎಳ್ಕೊಂಡು ತರ್ಬೇಡ ಸೋರಾ. ಅದು ತಾನಾಗೇ ಓಡ್ಕೊಂಡು ಬರ್ಬೇಕು," ಎಂದಳು ತಲಾಸೊ. "ಒಂದ್ಸಲ ಅದರ ಸದ್ದು ಕೇಳ್ಬೇಕು ನಂಗೆ. ಆಮೇಲೆ ಮಾರಿದ್ರೂ ಸರಿ, ಒಡೆದ್ರೂ ಸರಿ."

ಅವಳ ಗಂಡ ಗಲ್ಗಾಲೊ ಕಲಾಚಾ ಊರಿನ ಗ್ಯಾರೇಜು ಮೇಸ್ತ್ರಿ. ಎಂಟು ತಿಂಗಳ ಹಿಂದೆ ಚಾಲ್ಬಿ ಮರುಭೂಮಿಯ ನಡುವೆ ಮಳೆಗೆ ಸಿಕ್ಕಿ, ಹೂತುಹೋದ ಜೀಪನ್ನು ಅಲ್ಲೇ ಬಿಟ್ಟು, ಎರಡು ದಿನ ಕೆಸರು ತುಳಿದು ಮನೆ ಸೇರಿದ್ದ. ಆಗ ಹಿಡಿದ ಜ್ವರದಿಂದ ಏಳಲೇ ಇಲ್ಲ. ಇಪ್ಪತ್ತು ವರ್ಷ ಅವನ ಜೊತೆ ಕೈ ಕಪ್ಪು ಮಾಡಿಕೊಂಡಿದ್ದ ಸೋರಾ ಈಗ ಒಬ್ಬನೇ ಗ್ಯಾರೇಜಿನ ಬಾಗಿಲು ತೆರೆಯುತ್ತಿದ್ದ. ಸ್ಪ್ಯಾನರು ಬೇಕಾದಾಗ ಇವತ್ತಿಗೂ ಹಿಂದಕ್ಕೆ ಕೈ ಚಾಚಿ, ಒಂದು ಕ್ಷಣ ಕಾದು, ಆಮೇಲೆ ತಾನೇ ಬಗ್ಗಿ ಎತ್ತಿಕೊಳ್ಳುತ್ತಿದ್ದ.

ಮತ್ತೆ ಮಳೆಗಾಲ ಹತ್ತಿರ ಬಂದಿತ್ತು. ಇನ್ನೊಂದು ಮಳೆ ಬಿದ್ದರೆ ಉಪ್ಪು ನೆಲ ಜೀಪನ್ನು ಪೂರ್ತಿ ನುಂಗಿಬಿಡುತ್ತದೆ. ಅದಕ್ಕೇ ಮರುದಿನವೇ ಹೊರಟರು: ಸೋರಾ, ತಲಾಸೊಳ ತಮ್ಮ ಬೋನಾಯಾ, ಮತ್ತು ಬೋನಾಯಾನ ಎರಡು ಒಂಟೆ. ಒಂದರ ಮೇಲೆ ನೀರು, ಇನ್ನೊಂದರ ಮೇಲೆ ಪೆಟ್ರೋಲು, ಬ್ಯಾಟರಿ, ಹಾರೆ, ಸಾಮಾನಿನ ಪೆಟ್ಟಿಗೆ.

"ಮೂಗಿಗಿಂತ ಮೂಗುತಿ ಭಾರ," ಎಂದ ಬೋನಾಯಾ. "ಒಂಟೆ ಕೆಟ್ರೆ ಜೀಪಿನ ಮೇಲೆ ಹೇರ್ಕೊಂಡು ಬರ್ತೀಯಾ?"

"ಬರುವಾಗ ನೀನೇ ಜೀಪಲ್ಲಿ ಕೂರ್ತೀಯ. ಬಾಯ್ಮುಚ್ಚಿ ನಡಿ."

ಚಾಲ್ಬಿಯಲ್ಲಿ ಕಣ್ಣಿಗೆ ಆಧಾರವೇ ಇಲ್ಲ. ಬಿಳಿ ಉಪ್ಪಿನ ನೆಲ ಬಿಸಿಲಿಗೆ ಬಿರುಕು ಬಿಟ್ಟು ದಿಕ್ಕುದಿಕ್ಕಿಗೆ ಹಾಸಿಕೊಂಡಿತ್ತು. ದೂರದಲ್ಲಿ ಇಲ್ಲದ ನೀರು ಮಿನುಗುತ್ತಿತ್ತು. ಉತ್ತರಕ್ಕೆ ಹೂರಿ ಬೆಟ್ಟಗಳ ಮೇಲೆ ಮಾತ್ರ ದಿನಕ್ಕಿಷ್ಟು ಮೋಡ ಕೂಡುತ್ತಿತ್ತು. ಬೋನಾಯಾ ಆ ಕಡೆ ನೋಡುವುದನ್ನೇ ಬಿಟ್ಟಿದ್ದ. ಎರಡನೆಯ ಸಂಜೆ ಜೀಪು ಕಂಡಿತು. ನಾಲ್ಕೂ ಚಕ್ರ ಅರ್ಧ ಹೂತು, ಮೂತಿ ಊರಿನ ಕಡೆಗೇ ತಿರುಗಿತ್ತು. ಸೋರಾ ಅದರ ಮೂತಿಗೆ ಹತ್ತಿದ್ದ ಉಪ್ಪನ್ನು ಅಂಗೈಯಿಂದ ಒರೆಸಿದ.

ಹಾರೆ ಹಾಕಿ ಚಕ್ರ ಬಿಡಿಸಿದರು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ಕದಲಲಿಲ್ಲ. ಸೋರಾ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಗೆ ಎಣ್ಣೆ ಬಿಟ್ಟು, ಬೆಳಗಿನವರೆಗೆ ನೆನೆಯಲು ಬಿಟ್ಟ. ಬೆಳಗ್ಗೆ ಜೀಪನ್ನು ಗೇರಿನಲ್ಲಿಟ್ಟು ಇಬ್ಬರೂ ಹಿಂದೆಮುಂದೆ ಅಲುಗಾಡಿಸಿದರು. ಹತ್ತನೆಯ ಸಲಕ್ಕೆ ಒಳಗೇನೋ ಕಳಚಿದ ಹಾಗಾಯಿತು. ಹ್ಯಾಂಡಲ್ ತಿರುಗಿತು.

"ಎಂಜಿನ್ ಕೇಳೋದು ಮೂರೇ: ಪೆಟ್ರೋಲು, ಕಿಡಿ, ಉಸಿರು. ಸಿಟ್ಟು ಬಂದವ್ನು ನಾಲ್ಕನೇದನ್ನ ಹುಡುಕ್ತಾನೆ," ಎನ್ನುತ್ತಿದ್ದ ಗಲ್ಗಾಲೊ.

ಬೋನಾಯಾ ಒಂಟೆಗಳನ್ನು ಆಚೆ ಹಾದುಹೋಗುತ್ತಿದ್ದ ನಂಟರ ಹಿಂಡಿಗೆ ಬಿಟ್ಟುಬರಲು ಹೋದ. ಸೋರಾ ಕಾರ್ಬೊರೇಟರಿನ ಮರಳು ತೊಳೆದ. ಕಿಲುಬು ಹಿಡಿದ, ಕಿಡಿ ಕೊಡುವ ಪಾಯಿಂಟನ್ನು ಬೆಂಕಿಪೊಟ್ಟಣದ ಗೀರುವ ಪಕ್ಕಕ್ಕೆ ಉಜ್ಜಿದ. ಬ್ಯಾಟರಿ ಕಟ್ಟಿ ಹ್ಯಾಂಡಲ್ ಹೊಡೆದ. ಎಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಹಿಡಿಯಿತು. ಟಕ್ ಟಕ್ ಟಕ್.

ಅದೇ ಹಳೆಯ ಸದ್ದು, ಎಂಜಿನ್ನಿನ ಕವಾಟ ತಳ್ಳುವ ಟ್ಯಾಪೆಟ್ಟಿನದು. ಸಂದು ಹೆಚ್ಚಾಗಿ ಬಡಿಯುತ್ತದೆ, ಸರಿಮಾಡೋಣ ಎಂದು ಸೋರಾ ಹೇಳದ ವರ್ಷವಿಲ್ಲ. "ಇರ್ಲಿ ಬಿಡೋ," ಎಂದೇ ಗಲ್ಗಾಲೊ ಇಪ್ಪತ್ತು ವರ್ಷ ತಳ್ಳಿದ್ದ. ಈಗ ಸೋರಾ ಎಂಜಿನ್ ಆರಿಸಿ, ಮುಚ್ಚಳ ತೆಗೆದು, ಸಂದು ಅಳೆದು, ನಟ್ಟು ಬಿಗಿದ. ಗುರುವಿಗೆ ತಾನು ಮಾಡುವ ಕೊನೆಯ ಸೇವೆ ಇದು ಅನ್ನಿಸಿತು. ಎಂಜಿನ್ ಹೊಸದರಂತೆ ನುಣ್ಣಗೆ ಓಡಿತು.

ಬೋನಾಯಾ ಬಂದು ಹತ್ತಿದ. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ ಗುಡುಗಿತು. ಅದೇ ಹೊತ್ತಿಗೆ ಜೀಪು ಎರಡು ಸಲ ಮುಗ್ಗರಿಸಿ ನಿಂತಿತು.

"ಸೋರಾ, ಮಳೆ ಬಂತು."

"ಕಾಣ್ತಿದೆ."

ಪ್ಲಗ್ಗಿನ ವೈರು ತಾಗಿಸಿದ. ಕಿಡಿ ಇದೆ.

ಉಸಿರಿನ ದಾರಿ ನೋಡಿದ. ಸರಿಯಿದೆ.

ಕಾರ್ಬೊರೇಟರ್ ಒಣಗಿತ್ತು. ಪೆಟ್ರೋಲು ಮೇಲೆತ್ತುವ ಪಂಪಿನ ರಬ್ಬರು ಹರಿದಿತ್ತು.

ಬದಲಿ ರಬ್ಬರು ಇರಲಿಲ್ಲ. ಮೊದಲ ಹನಿ ಕತ್ತಿನ ಮೇಲೆ ಬಿತ್ತು. ಸೋರಾ ಪೆಟ್ರೋಲಿನ ಡಬ್ಬವನ್ನು ಜೀಪಿನ ನೆತ್ತಿಗೆ ಕಟ್ಟಿ, ರಬ್ಬರ್ ಕೊಳವೆಯೊಂದನ್ನು ಅದರಿಂದ ನೇರ ಕಾರ್ಬೊರೇಟರಿಗೆ ಇಳಿಸಿದ.

"ಮೇಲೆ ಹತ್ತಿ ಡಬ್ಬ ಹಿಡ್ಕೊ. ಕೊಳವೆ ಕಳಚಬಾರ್ದು."

"ಒಂಟೆ ಮೇಲೆ ಕೂತಿದ್ದೀನಿ, ಆದ್ರೆ ಮೇಲೆ ಕೂತೇ ಹಾಲು ಕುಡಿಸ್ತಿರೋದು ಇದೇ ಮೊದ್ಲು," ಎನ್ನುತ್ತಲೇ ಬೋನಾಯಾ ಹತ್ತಿದ.

ನೆಲ ಮೆತ್ತಗಾಗತೊಡಗಿತು. ಹಿಂದಿನ ಚಕ್ರಗಳು ಜಾರಿದವು. ನಿಂತರೆ ಮುಗಿಯಿತು, ಸೋರಾ ಎರಡನೆಯ ಗೇರಿನಿಂದ ಕೈ ತೆಗೆಯಲಿಲ್ಲ. ಒಂದು ಗಂಟೆ ಹೀಗೇ ಒದ್ದಾಡಿದ ಮೇಲೆ ಚಕ್ರದ ಕೆಳಗೆ ಕಲ್ಲು ಕರಕರ ಎಂದಿತು. ಗಟ್ಟಿ ನೆಲ. ಮುಂದೆ ಕಲಾಚಾದ ತಾಳೆಮರಗಳು.

ಬೋನಾಯಾ ಇಳಿದು, ಕೈಕಾಲು ಜಾಡಿಸಿ, ಎಂಜಿನ್ನಿನ ಕಡೆ ಕಿವಿಗೊಟ್ಟ. "ಇದ್ಯಾಕೆ ಮೂಗನ ಥರ ಬರ್ತಿದೆ?"

"ಟ್ಯಾಪೆಟ್ ಸರಿಮಾಡ್ದೆ. ಮೇಸ್ತ್ರಿಗೆ ಎಷ್ಟು ಹೇಳಿದ್ರೂ ಮಾಡಿರ್ಲಿಲ್ಲ."

"ಅಯ್ಯೋ ಮಾರಾಯ. ಈ ಮರಗಳ ಹತ್ರ ಬಂದ್ರೆ ಆ ಟಕ್‌ಟಕ್ ಮನೆಗೆ ಕೇಳ್ತಿತ್ತು. ಆಗ್ಲೇ ಅಕ್ಕ ಚಹಾಕ್ಕೆ ನೀರಿಡ್ತಿದ್ದಿದ್ದು. ಭಾವ ಬೇಕಂತ್ಲೇ ಬಿಟ್ಟಿದ್ರು. ಊರಿಗೇ ಗೊತ್ತು, ನಿಂಗೊಬ್ಬಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಸೋರಾ ಎಂಜಿನ್ನಿನ ಮಾತನ್ನಷ್ಟೇ ಕೇಳಿದ್ದ.

ಎಂಜಿನ್ ಆರಿಸಿ ಮುಚ್ಚಳ ತೆಗೆದ. ಬೆರಳು ಸುಟ್ಟಿತು. ಚೆನ್ನಾಗಿರುವುದನ್ನು ಕೆಡಿಸಲು ಕೈ ಒಪ್ಪುತ್ತಿರಲಿಲ್ಲ. ಆ ಸಂದು ಎಷ್ಟಿತ್ತೆಂದು ಅಳೆದಿಟ್ಟುಕೊಂಡೂ ಇರಲಿಲ್ಲ. ಕಣ್ಣು ಮುಚ್ಚಿದ. ಸುತ್ತಿಗೆಯ ಮರದ ಹಿಡಿಯನ್ನು ಕಿವಿಗಿಟ್ಟು, ಎಂಜಿನ್ನಿನ ಸದ್ದು ಕೇಳಲು ಬಾನೆಟ್ಟಿನ ಮೇಲೆ ಬಾಗುತ್ತಿದ್ದ ಗಲ್ಗಾಲೊ ನೆನಪಾದ. ಅವನು ಒಮ್ಮೆ ಬಂದು ಬೈದರೂ ಸಾಕಿತ್ತು ಅನ್ನಿಸಿತು. ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದ. ಎಂಜಿನ್ ಹಿಡಿಸಿ ಕೇಳಿದ, ಮತ್ತೆ ಕೊಂಚ ಸಡಿಲಿಸಿದ.

ಟಕ್ ಟಕ್ ಟಕ್. ಜೀಪು ನಿಧಾನಕ್ಕೆ ತಾಳೆಮರಗಳನ್ನು ದಾಟಿತು.

ಅಂಗಳದಲ್ಲಿ ತಲಾಸೊ ನಿಂತಿದ್ದಳು. ಹಿಂದೆ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಬಂದು ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ಎಂಜಿನ್ ಆರಿಸುವವರೆಗೂ ಹಾಗೇ ನಿಂತಳು.

"ಎಂಜಿನ್ ಮುಚ್ಚಳ ಬಿಚ್ಚಿದ್ಯಾ?" ಎಂದು ಕೇಳಿದಳು.

ಸೋರಾ ತಲೆ ತಗ್ಗಿಸಿದ.

"ಅವರಿದ್ದಾಗ ಸದ್ದು ಇಷ್ಟು ಜೋರಿರ್ಲಿಲ್ಲ," ಎಂದಳು ತಲಾಸೊ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಆದ್ರೂ ನೀರಿಟ್ಟೆ ನೋಡು. ಬನ್ನಿ, ಚಹಾ ಆರೋಗುತ್ತೆ."