ಏಳು ಹೆಸರಿನ ಕಲ್ಲು

ಹಾರೆ ನನ್ನ ಕಿವಿ ಸವರಿಕೊಂಡು ಹೋಯಿತು!

ಬಗ್ಗಿದೆ. ಒಂದು ಸೆಕೆಂಡ್ ತಡವಾಗಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರೋ ಹೇಳಬೇಕಾಗುತ್ತಿತ್ತು.

ಬೀಸಿದವನು ಸೆಲ್ವರಾಜ್. ನಂದಿದುರ್ಗ ಚಿನ್ನದ ಗಣಿಯ ಹಳೇ ಸ್ಮಶಾನದ ವಾಚ್‌ಮನ್. ಬೀಸಿದವನೇ ಓಟ ಕಿತ್ತ. ನಾನೂ ಬಿಡಲಿಲ್ಲ.

ಮುಂದಿನ ಸಾಲು ಗಣಿ ದೊರೆಗಳದು... ಅಮೃತಶಿಲೆಯ ಶಿಲುಬೆ, ರೆಕ್ಕೆ ಮುರಿದ ದೇವದೂತ. ಹಿಂದಿನ ಸಾಲು ಕೂಲಿಗಳದು. ಬರೀ ಮಣ್ಣಿನ ದಿಬ್ಬ. ಅಲ್ಲಿ ಎಡವಿ ಬಿದ್ದ. ಕಾಲರ್ ಹಿಡಿದು ಎತ್ತಿದೆ.

"ಕಲ್ಲೆಲ್ಲಿ?"

"ಬ್ಯಾಡ ಅಣ್ಣಾ, ಬಿಟ್ಬಿಡು!"

ಕೆನ್ನೆಗೆ ಎರಡು ಕೊಟ್ಟೆ. ತುಟಿ ಒಡೆಯಿತು.

ಕಳೆದುಹೋದದ್ದು ಬೇಕಾದರೆ ರಾಬರ್ಟ್‌ಸನ್‌ಪೇಟೆಯವರು ಈ ಗೋಪಿಯ ಹತ್ತಿರ ಬರುತ್ತಾರೆ. ಅಂದು ಬೆಳಿಗ್ಗೆ ಬಂದವಳು ಸುಮಿತಾ, ಸ್ಕೂಲ್ ಟೀಚರ್. ಕೈಯಲ್ಲಿ ಸಮಾಧಿ ಕಲ್ಲೊಂದರ ಹಳೇ ಫೋಟೋ.

"ಸುರಂಗ ಕುಸಿದು ಏಳು ಜನ ಒಳಗೇ ಉಳಿದ್ಬಿಟ್ರು ಸರ್. ನಮ್ ತಾತನೂ. ಬಾಡಿನೇ ಮೇಲೆ ಬರ್ಲಿಲ್ಲ. ನಮಗಿದ್ದಿದ್ದು ಅವ್ರ ಹೆಸರಿನ ಈ ಕಲ್ಲೊಂದೇ. ಈಗ ಅದೂ ಇಲ್ಲ. ನಾಳೆ ಸತ್ತೋರ ಹಬ್ಬ... ಅಜ್ಜಿ ಮೇಣದಬತ್ತಿ ಎಲ್ಲಿ ಹಚ್ಬೇಕು?"

ನಾನು ಮಾತು ಕೊಟ್ಟಿದ್ದೆ.

"ಯಾರಿಗೆ ಮಾರಿದ್ಯೋ?" ಮತ್ತೆ ಕೈ ಎತ್ತಿದೆ.

ಸೆಲ್ವರಾಜ್ ರಕ್ತ ಉಗಿದ. ಈಗ ಅವನ ಕಣ್ಣಲ್ಲಿ ಹೆದರಿಕೆ ಇರಲಿಲ್ಲ.

"ಮಾರ್ಲಿಲ್ಲ ಅಣ್ಣಾ. ನೀನೇ ಎತ್ಕೊಂಡೋದೆ! ನಿಮ್ಮಮ್ಮನ ಮನೆ ಕಟ್ಟೋವಾಗ, ಟೆಂಪೋ ತಂದು. ಅಕ್ಷರ ಐತೆ, ಬ್ಯಾಡ ಅಂತ ನಾನಂದೆ. ಅಕ್ಷರ ಕೆಳಗಾಕಿದ್ರೆ ಆಯ್ತು ಅಂತ ನೀನಂದೆ. ಅವತ್ತೂ ನನ್ಗೆ ಏಟು ಕೊಟ್ಟೆ. ಅದಕ್ಕೇ ಇವತ್ತು ಆರೆ ಬೀಸ್ದೆ."

ಎತ್ತಿದ ಕೈ ಹಾಗೇ ನಿಂತಿತು.

ಫೋಟೋ ನೋಡಿದಾಗಲೂ ಹೊಳೆಯದಿದ್ದದ್ದು ಈಗ ನೆನಪಾಯಿತು: ಕಾಂಪೌಂಡ್ ಪಕ್ಕ ಬಿದ್ದಿದ್ದ ಕಲ್ಲು. ಕಪ್ಪು, ನುಣುಪು. ವಾರಸುದಾರರಿಲ್ಲ ಅಂದುಕೊಂಡಿದ್ದೆ... ಸುಳ್ಳು! ನಾನು ಯಾರನ್ನೂ ಕೇಳಿಯೇ ಇರಲಿಲ್ಲ.

ಬಂಗಾರಪೇಟೆಗೆ ಬೈಕ್ ಹಾರಿಸಿದೆ. ಹಿತ್ತಲಲ್ಲಿ ಅಮ್ಮ ನನ್ನ ಪ್ಯಾಂಟ್ ಒಗೆಯುತ್ತಿದ್ದಳು. ಆ ಕಲ್ಲಿನ ಮೇಲೆ.

ಹಾರೆ ಹಾಕಿ ಮಗುಚಿದೆ. ಫೋಟೋದಲ್ಲಿದ್ದ ಅದೇ ಶಿಲುಬೆ. ಅದೇ ಏಳು ಹೆಸರು.

ಅಮ್ಮ ಸೋಪಿನ ಕೈ ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು.

"ಲೇ ಗೋಪಿ... ಇಷ್ಟು ದಿನ ಸತ್ತೋರ ಮ್ಯಾಲೆ ಬಟ್ಟೆ ಒಗೀತಿದ್ನೇನ್ಲಾ ನಾನು?"

ನಾಚಿಕೆ ಅಂದರೆ ಏನೆಂದು ನಲವತ್ತನೇ ವಯಸ್ಸಿಗೆ ಗೊತ್ತಾಯಿತು. ಅಮ್ಮ ಒಂದು ಕೊಡ ನೀರು ಸುರಿದು ಕಲ್ಲಿಗೆ ಕೈ ಮುಗಿದಳು. ನನ್ನ ಮುಖ ನೋಡಲಿಲ್ಲ.

ಸಂಜೆಯೊಳಗೆ ಕಲ್ಲು ತನ್ನ ಜಾಗದಲ್ಲಿ ನಿಂತಿತು. ಗುಂಡಿ ತೋಡಿದವನು ಸೆಲ್ವರಾಜ್, ಊದಿದ ಕೆನ್ನೆಯಲ್ಲೇ. ಸುಮಿತಾ ತಾತನ ಹೆಸರಿನ ಮೇಲೆ ಬೆರಳಾಡಿಸಿ ಅತ್ತಳು.

"ಥ್ಯಾಂಕ್ಸ್ ಸರ್! ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ."

"ನಾಲ್ಕು ಏಟು ಹಾಕಿದ್ರಾ?"

ಸೆಲ್ವರಾಜ್ ಹಾರೆ ಕೆಳಗಿಟ್ಟು ನನ್ನನ್ನೇ ನೋಡಿದ.

"ಏಟು ಇವನು ತಿಂದ ಮೇಡಂ... ಕಳ್ಳ ನಾನು."